ಮಷೀನ್‌ಗಿಂತ ಮೊದಲು ಜೋಳ

ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿ ಸಣ್ಣ ಆಹಾರ ಘಟಕ ಹಾಕುವವರಿಗೆ ಸಾಲದ ಅರ್ಜಿ, ಯೋಜನಾ ವರದಿ ಸಿದ್ಧ ಮಾಡಿಕೊಡುವುದು ನನ್ನ ಕೆಲಸ. 2020ರಲ್ಲಿ ಶುರುವಾದ ಪಿಎಂಎಫ್‌ಎಂಇ, ಅಂದರೆ ಸಣ್ಣ ಆಹಾರ ಘಟಕಗಳಿಗೆ ಸಾಲದ ಮೇಲೆ ಸಹಾಯಧನ ಕೊಡುವ ಕೇಂದ್ರದ ಯೋಜನೆಯಲ್ಲಿ ನಾನೊಬ್ಬ ಜಿಲ್ಲಾ ಸಂಪನ್ಮೂಲ ವ್ಯಕ್ತಿ. ನನ್ನ ಹತ್ತಿರ ಬರುವವರಲ್ಲಿ ರೊಟ್ಟಿ ಮಾಡುವ ಹೆಂಗಸರೇ ಜಾಸ್ತಿ.

ನನ್ನ ಮೊದಲ ಕೇಸ್ ಒಬ್ಬ ಅಕ್ಕನ ರೊಟ್ಟಿ ಘಟಕದ್ದೇ. ಯೋಜನೆಯಲ್ಲಿ ಶೇ 35 ಸಹಾಯಧನ, ಅದರ ಮೇಲೆ ಕರ್ನಾಟಕ ಸರ್ಕಾರದ್ದು ಶೇ 15. ಅಂದರೆ 15 ಲಕ್ಷದ ಮಿತಿಯೊಳಗೆ ಅರ್ಧ ದುಡ್ಡು ಸರ್ಕಾರದ್ದು. ಅರ್ಧ ಬರುತ್ತದೆ ಅಂದ ಮೇಲೆ ದೊಡ್ಡ ಮಷೀನನ್ನೇ ತಗೊಳ್ಳೋಣ ಅಂತ ಎಲ್ಲರಿಗೂ ಅನಿಸುತ್ತದೆ. ನನಗೂ ಅನಿಸಿತು. ಮಾರುವವರು ಕೊಟ್ಟ ಕೊಟೇಶನ್ ಇಟ್ಟು ಅರ್ಜಿ ಹಾಕಿದೆ, ಸಾಲ ಮಂಜೂರಾಯಿತು. ಮಷೀನ್ ಬಂದು ಕೂತ ದಿನ ಕಾಯಿ ಒಡೆದರು, ನಾನೂ ಹೋಗಿದ್ದೆ.

ಡಿಸೆಂಬರ್‌ನಲ್ಲಿ ಮತ್ತೆ ಹೋದಾಗ ಶೆಡ್‌ಗೆ ಬೀಗ ಬಿದ್ದಿತ್ತು. ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತು. ಹೊಲದಲ್ಲಿ ಎಡೆಯ ಅಡುಗೆ ಚೆಲ್ಲುವ, ಅಂದರೆ ಚರಗ ಚೆಲ್ಲುವ ಹಬ್ಬ, ರೊಟ್ಟಿಗೆ ಎಲ್ಲೆಡೆಯಿಂದ ಕೇಳಿಕೆ ಬರುವ ಕಾಲ. ಆ ಅಕ್ಕ ಬಂದ ಆರ್ಡರ್ ವಾಪಸ್ ಕಳಿಸುತ್ತಿದ್ದರು.

"ಮಷೀನ್ ಅದರೀ ಅಕ್ಕೋರ, ಅದರ ಬಾಯಾಗ ಹಾಕ್ಲಾಕ ಜ್ವಾಳ ಇಲ್ಲ," ಅಂದರು.

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಹುಟ್ಟಿದಾಗಿನಿಂದ ಕಂಡ ವಿಷಯ ಅದು, ಆದರೂ ಅರ್ಜಿ ಬರೆಯುವಾಗ ಹೊಳೆದಿರಲಿಲ್ಲ. ನಮ್ಮ ಕಡೆ ಹಿಂಗಾರಿ ಬಿಳಿ ಜೋಳದ ರಾಶಿ ಆಗುವುದು ಫೆಬ್ರುವರಿ, ಮಾರ್ಚ್‌ನಲ್ಲಿ. ಆಗ ಜೋಳ ಹೊಸದು, ಸೋವಿ. ರೊಟ್ಟಿಗೆ ಬೇಡಿಕೆ ಏರುವುದು ಡಿಸೆಂಬರ್, ಜನವರಿಯಲ್ಲಿ. ಆಗ ಇರುವುದು ಹಳೆಯ ಜೋಳ, ಅದೂ ತುಟ್ಟಿ. ನಮ್ಮ ಹಿರಿಯರು ವರ್ಷದ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದದ್ದು ಸುಮ್ನೆ ಅಲ್ಲ, ಅಲ್ವಾ?

ಲೆಕ್ಕ ಹಾಕಿ ನೋಡಿ. ಕಡಕ್ ರೊಟ್ಟಿಯಾದರೆ ಕೆಜಿ ಹಿಟ್ಟಿಗೆ ಸುಮಾರು 25 ಬರುತ್ತವೆ. ದಿನಕ್ಕೆ ಸಾವಿರ ರೊಟ್ಟಿ ಅಂದರೆ 40 ಕೆಜಿ, ತಿಂಗಳಿಗೆ 25 ದಿನ ಮಾಡಿದರೆ 10 ಕ್ವಿಂಟಾಲ್. ಕ್ವಿಂಟಾಲಿಗೆ ಸಾವಿರ ರೂಪಾಯಿ ಏರಿದರೆ ಒಂದು ರೊಟ್ಟಿಯ ಮೇಲೆ 40 ಪೈಸೆ ಬಿತ್ತು. ರೊಟ್ಟಿಗೆ ರೂಪಾಯಿ ಉಳಿದರೆ ದೊಡ್ಡದು ಎನ್ನುವ ವ್ಯಾಪಾರದಲ್ಲಿ 40 ಪೈಸೆ ಹೋದರೆ ಕಂತು ಕಟ್ಟುವುದು ಎಲ್ಲಿಂದ? ಮೇಲಾಗಿ ಖಾನಾವಳಿಯವರು ವಾರಕ್ಕೊಮ್ಮೆ ದುಡ್ಡು ಕೊಡುತ್ತಾರೆ, ದೂರದ ಅಂಗಡಿಯವರು ತಿಂಗಳು, ಒಂದೂವರೆ ತಿಂಗಳು ಕಾಯಿಸುತ್ತಾರೆ. ಸಹಾಯಧನವೂ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಇದ್ದು, ಸಾಲ ಸರಿಯಾಗಿ ನಡೆದರೆ ಸಾಲಕ್ಕೇ ಜಮಾ ಆಗುತ್ತದೆ.

ಯೋಜನಾ ವರದಿಯಲ್ಲಿ ದುಡಿಯುವ ಬಂಡವಾಳ, ಅಂದರೆ ಕಚ್ಚಾ ಮಾಲು ಮತ್ತು ದಿನದ ಖರ್ಚಿಗೆ ಬೇಕಾಗುವ ದುಡ್ಡು, ಅಂತ ಒಂದು ಪುಟ ಇರುತ್ತದೆ. ಮೊದಲ ಕೇಸ್‌ನಲ್ಲಿ ಆ ಪುಟವನ್ನು ನಾನು ಹಳೆಯ ವರದಿಯಿಂದ ಹಾಗೇ ಎತ್ತಿ ಹಾಕಿದ್ದೆ. ನನ್ನ ತಪ್ಪು ಅದೇ. ಈಗ ಬರೆಯಲು ಕೂರುವುದು ಆ ಪುಟದಿಂದಲೇ.

ಎರಡನೇ ಕೇಸ್ ಒಂದು ಸ್ವಸಹಾಯ ಸಂಘದ್ದು, ಹತ್ತು ಹೆಂಗಸರು. ಅವರು ಮಷೀನ್ ಮಾತು ಎತ್ತಿದಾಗ ಬೇರೆ ಪ್ರಶ್ನೆ ಕೇಳಿದೆ: ಯಾವ ತಿಂಗಳು ಎಷ್ಟು ರೊಟ್ಟಿ ಹೋಗುತ್ತದೆ, ಆ ತಿಂಗಳು ಜೋಳ ಯಾವ ರೇಟಿಗೆ ಸಿಕ್ಕಿತು? ಯಾರ ಹತ್ತಿರವೂ ಬರೆದಿಟ್ಟ ಲೆಕ್ಕ ಇರಲಿಲ್ಲ. ಶಾಲೆಗೆ ಹೋಗುವ ಮಗಳೊಬ್ಬಳ ಕೈಲಿ ನೋಟ್‌ಬುಕ್ ಕೊಟ್ಟು ಆರು ತಿಂಗಳು ಬರೆಸಿದೆವು. ಅರ್ಜಿ ಆರು ತಿಂಗಳು ತಡವಾಯಿತು. ಮೇಲಿನವರು ಕೇಳಿದರು, ನಾನು ಕಾಯಿರಿ ಅಂದೆ.

ಈ ಯೋಜನೆಯಲ್ಲೇ ಸಂಘದ ಸದಸ್ಯೆಗೆ 40,000 ರೂಪಾಯಿವರೆಗೆ ಬೀಜಧನ ಇದೆ. ಸಂಘಗಳ ಒಕ್ಕೂಟದ ಮೂಲಕ ಸಾಲವಾಗಿ ಬರುವ ಆ ದುಡ್ಡನ್ನು ಸಣ್ಣ ಸಾಮಾನಿಗೂ ಬಳಸಬಹುದು, ಕಚ್ಚಾ ಮಾಲಿಗೂ ಬಳಸಬಹುದು. ಹತ್ತು ಜನಕ್ಕೆ 4 ಲಕ್ಷ. ಅಷ್ಟನ್ನೂ ಮಾರ್ಚ್‌ನಲ್ಲಿ ಜೋಳಕ್ಕೇ ಹಾಕಿದರು. ತಮ್ಮ ಊರಿನ ಹೊಲಗಳಲ್ಲೇ ರಾಶಿಯ ಮುಂದೆ ನಿಂತು ಕೊಂಡರು, ಗಾಡಿ ಬಾಡಿಗೆ ಉಳಿಯಿತು. ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಬೇವಿನ ಸೊಪ್ಪು ಹಾಕಿ, ಹಲಗೆ ಮೇಲೆ ಚೀಲ ಒಟ್ಟಿದರು. ಒಂದು ಮಾತು: ಜೋಳ ಇಡಬಹುದು, ಹಿಟ್ಟು ಇಡಬಾರದು. ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ಎಷ್ಟು ಎಸರು ಹಾಕಿ ನಾದಿದರೂ ರೊಟ್ಟಿ ಹರಿಯುತ್ತದೆ. ಅವರು ಎರಡು ದಿನಕ್ಕೆ ಬೇಕಾದಷ್ಟೇ ಬೀಸಿಸುತ್ತಾರೆ.

ಮಷೀನ್ ಚಿಕ್ಕದು ತಗೊಂಡರು, ಹಿಟ್ಟು ನಾದುವುದು ಒಂದೇ. ಕೈಯಿಂದ ತಟ್ಟಿದ ರೊಟ್ಟಿಗೇ ಗಿರಾಕಿ ಜಾಸ್ತಿ ಅಂತ ನೋಟ್‌ಬುಕ್ಕೇ ಹೇಳಿತ್ತು. ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿಗೆ ಆಗ ವರ್ಷಕ್ಕೆ 100 ರೂಪಾಯಿ. ಅವೆರಡೂ ಬೇಗ ಮುಗಿದವು.

ಬ್ಯಾಂಕಿನಲ್ಲಿ ಮಾತ್ರ ಕಷ್ಟವಾಯಿತು. ಜೋಳದ ಚೀಲಕ್ಕೆ ಸಾಲ ಕೇಳಿದಾಗ ಮ್ಯಾನೇಜರ್ ಒಪ್ಪಲಿಲ್ಲ. ಮಷೀನ್ ಆದರೆ ಕಣ್ಣಿಗೆ ಕಾಣುತ್ತದೆ, ಜೋಳ ಮಾರಿಕೊಂಡರೆ ಏನು ಮಾಡೋದು ಅಂದರು. ಅವರ ಹೆದರಿಕೆ ತಪ್ಪಲ್ಲ. ಮೂರನೇ ಸಲ ಹೋದಾಗ ಆ ನೋಟ್‌ಬುಕ್ ಅವರ ಮುಂದಿಟ್ಟು, ಬಂದು ಗೋದಾಮು ನೋಡಿ ಅಂತ ಕರೆದೆ. ಬಂದರು, ಚೀಲ ಎಣಿಸಿದರು. ಸಣ್ಣ ಸಿಸಿ (ಕ್ಯಾಶ್ ಕ್ರೆಡಿಟ್, ಬೇಕಾದಾಗ ತೆಗೆದು ಕಟ್ಟುವ ಸಾಲ) ಮಿತಿ ಕೊಟ್ಟರು. ಮರುವರ್ಷ ಅದನ್ನು ಏರಿಸಿದರು.

2025ರ ಜೂನ್‌ನಲ್ಲಿ ಪ್ರಧಾನಿ ರೇಡಿಯೊದಲ್ಲಿ ಕಲಬುರಗಿ ರೊಟ್ಟಿಯ ಮಾತಾಡಿದ ಮೇಲೆ ನನಗೆ ಫೋನ್ ಜಾಸ್ತಿಯಾಗಿವೆ. ಖುಷಿ ನನಗೂ ಇದೆ. ಫೋನ್ ಮಾಡಿದವರಿಗೆಲ್ಲ ಮೊದಲು ಕೇಳುವುದು, ಜೋಳ ಎಷ್ಟು ಇಟ್ಟಿದ್ದೀರಿ ಅಂತ.

ಮೊದಲ ಘಟಕದ ಆ ಅಕ್ಕನ ಹತ್ತಿರ ಈಗಲೂ ಹೋಗುತ್ತೇನೆ. ಕಳೆದ ಮಾರ್ಚ್‌ನಲ್ಲಿ ತಮ್ಮನ ಹತ್ತಿರ ಕೈಗಡ ತಗೊಂಡು 15 ಕ್ವಿಂಟಾಲ್ ಹಾಕಿಸಿದ್ದಾರೆ. ಮಷೀನ್ ವಾರಕ್ಕೆ ಮೂರು ದಿನ ಓಡುತ್ತಿದೆ. ಸಾಲದ ಕಂತು ಇನ್ನೂ ಎರಡು ವರ್ಷ ಇದೆ. ಅವರಿಗೂ ಸಿಸಿ ಮಾಡಿಸಬೇಕು ಅಂತ ಕಾಗದ ಹೊಂದಿಸುತ್ತಿದ್ದೇನೆ.