ಪಂಪೆ ಎಂದು ಬರೆದು ಹಂಪೆ ಎಂದು ಓದುವವರು

ಆನೆಗುಂದಿಯಲ್ಲಿ ಪ್ರವಾಸಿಗರಿಗೆ ಊರು ತೋರಿಸುವ ಕೆಲಸಕ್ಕೆ ಇಳಿದ ಮೊದಲ ಎರಡು ವರ್ಷ ನಾನು ತುಂಗಭದ್ರೆಯೊಳಗಿನ ಅರವತ್ನಾಲ್ಕು ಕಂಬದ ಮಂಟಪದ ಕಡೆ ಕೈ ತೋರಿಸಿ ‘ಟಾಂಬ್’ ಎನ್ನುತ್ತಿದ್ದೆ. ಅದು ಕೃಷ್ಣದೇವರಾಯನ ಸಮಾಧಿ ಎಂಬುದು ಊರಿನವರ ಮಾತು. ನನಗೆ ಬಾಂಬ್ ಗೊತ್ತಿತ್ತು. ಬಿ ತೆಗೆದು ಟಿ ಇಟ್ಟೆ, ಅಷ್ಟೇ. ‘ಟೂಮ್’ ಎನ್ನಬೇಕು ಎಂದು ತಿಳಿದ ದಿನ ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು. ಸಮಾಧಿಗೆ ‘ಟೂಮ್’, ಬಾಚಣಿಗೆಗೆ ‘ಕೋಮ್’, ಸಿಡಿಯುವುದಕ್ಕೆ ‘ಬಾಮ್’. ಬಾಲ ಒಂದೇ, ಕೂಗು ಮೂರು. ವಾಲಿಯ ಕಥೆಯಲ್ಲಿಯೂ ರಾಮನ ಕೈಗೆ ‘ಬೌ’ ಕೊಡುತ್ತಿದ್ದೆ. ಬಿಲ್ಲು ‘ಬೋ’, ತಲೆಬಾಗುವುದು ‘ಬೌ’. ಬರೆಯುವ ಮೂರು ಅಕ್ಷರಗಳು ಮಾತ್ರ ಅವೇ. ಆಮೇಲೆ ಇಂಗ್ಲಿಷನ್ನು ಕಣ್ಣಿನಿಂದ ಕಲಿಯುವುದನ್ನೇ ಬಿಟ್ಟು ಕಿವಿಯಿಂದ ಕಲಿತೆ.

ಜರ್ಮನ್ ಹೇಳಿಕೊಟ್ಟವರು ನಮ್ಮ ಮನೆಯಲ್ಲಿ ತಂಗಿದ್ದ ಒಬ್ಬ ನಿವೃತ್ತ ಶಿಕ್ಷಕಿ. ಅವರ ಊರನ್ನು ನಾನು ‘ಲೀಪ್‌ಜಿಗ್’ ಎಂದೆ. ಅವರು ಬೇಸರಪಡದೆ ‘ಲೈಪ್‌ತ್ಸಿಹ್’ ಎಂದರು. ಆ ಒಂದು ಹೆಸರಿನಲ್ಲೇ ನನಗೆ ಅರ್ಧ ಪಾಠ ಆಗಿಹೋಯಿತು. ಇ ಆದಮೇಲೆ ಐ ಬಂದರೆ ‘ಐ’, ಐ ಆದಮೇಲೆ ಇ ಬಂದರೆ ‘ಈ’: ಎರಡನೆಯ ಅಕ್ಷರದ ಇಂಗ್ಲಿಷ್ ಹೆಸರನ್ನು ಕೂಗಿದರೆ ಸಾಕು. ಝಡ್ ಎಂದರೆ ‘ತ್ಸ’. ಇಂಗ್ಲಿಷ್ ಬಾಯಿಗೆ ಪದದ ಮೊದಲಿಗೆ ಬರುವ ಈ ‘ತ್ಸ’ ಕಷ್ಟವಂತೆ. ವರ್ಷ ವರ್ಷ ಹಂಪಿ ಉತ್ಸವಕ್ಕೆ ಹೋಗುವ ನಮಗೇನು ಕಷ್ಟ? ‘ಉತ್ಸವ’ದ ತಲೆ, ಬಾಲ ಕತ್ತರಿಸಿದರೆ ಉಳಿಯುವುದು ಅದೇ.

ಲೆಕ್ಕದ ಪುಸ್ತಕದ ಹಿಂಬದಿಯಿಂದ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳತೊಡಗಿದೆ. ಡಬ್ಲ್ಯೂ ಎಂದರೆ ‘ವ’. ವಿ ಬಹುಮಟ್ಟಿಗೆ ‘ಫ’, ಆದರೆ ಹೂದಾನಿಯಂಥ ಹೊರಗಿನ ಪದಗಳಲ್ಲಿ ‘ವ’. ಜೆ ಎಂದರೆ ‘ಯ’. ನಕ್ಷೆ ಹಿಡಿದುಕೊಂಡು ‘ವಿಯಯನಗರ’ ಎಲ್ಲಿ ಎಂದು ಕೇಳಿದ ತರುಣನೊಬ್ಬ ತನ್ನ ಭಾಷೆಯ ಕಾನೂನಿನಂತೆಯೇ ಓದಿದ್ದ ಎಂದು ಆಗ ತಿಳಿಯಿತು. ಪದದ ಕೊನೆಯ ಡಿ ‘ಟ್’ ಆಗುತ್ತದೆ. ಸ್ನಾನದ ಮನೆಗೆ ‘ಬಾಟ್’ ಎನ್ನುತ್ತಾರೆ, ಬರೆಯುವಾಗ ಇಂಗ್ಲಿಷಿನ ‘ಬ್ಯಾಡ್’ನ ಅಕ್ಷರಗಳೇ. ಹೊಸ ಹುರುಪಿನಲ್ಲಿ ನಾನು ಬಚ್ಚಲಿನ ಬಾಗಿಲಿಗೆ ಹಾಗೇ ಬರೆಸಿ ಫಲಕ ಹಾಕಿದೆ. ಇಂಗ್ಲೆಂಡಿನಿಂದ ಬಂದ ದಂಪತಿ ಅದನ್ನು ಓದಿ, ‘ಒಳಗೆ ಅಷ್ಟು ಕೆಟ್ಟದಾಗಿದೆಯೇ?’ ಎಂದು ಕೇಳಿದ ಸಂಜೆಯೇ ಫಲಕ ಇಳಿಯಿತು.

ನನ್ನ ಪುಸ್ತಕ ಕೈಕೊಟ್ಟದ್ದು ಸಿ ಎಚ್ ಎಂಬ ಜೋಡಿಯಲ್ಲಿ. ಚರ್ಚಿಗೂ ಚೆರ್ರಿ ಹಣ್ಣಿಗೂ ಒಂದೇ ‘ಕಿರ್ಶೆ’ ಬರೆದಿಟ್ಟಿದ್ದೆ. ನಿಮ್ಮ ಊರಿನ ಚರ್ಚು ಎಷ್ಟು ಹಳೆಯದು ಎಂದು ಕೇಳಲು ಹೋಗಿ ಚೆರ್ರಿ ಹಣ್ಣು ಎಷ್ಟು ಹಳೆಯದು ಎಂದು ಕೇಳಿದೆ. ಹಣ್ಣಿಗೆ ‘ಶ’ ಸರಿ. ಚರ್ಚಿಗೆ, ‘ಯ’ ಎನ್ನುವಂತೆ ನಾಲಿಗೆ ಇಟ್ಟು ದನಿ ತೆಗೆಯದೆ ಉಸಿರನ್ನಷ್ಟೇ ಬಿಡಬೇಕು. ಲೈಪ್‌ತ್ಸಿಹ್‌ನ ಕೊನೆಯದೂ ಇದೇ, ಅಲ್ಲಿ ಬರೆಯುವುದು ಜಿ ಆದರೂ. (ಬವೇರಿಯಾದವರು ಇಂಥ ಕಡೆ ಸರಳವಾಗಿ ‘ಕ್’ ಎನ್ನುತ್ತಾರೆ. ನನಗೆ ಅವರೇ ಇಷ್ಟ.) ಅ, ಒ, ಉ ಆದಮೇಲೆ ಬಂದರೆ ಅದೇ ಜೋಡಿ ಗಂಟಲಿಗೆ ಇಳಿಯುತ್ತದೆ. ಅದನ್ನು ಯಾರೂ ಕಲಿಸಬೇಕಾಗಲಿಲ್ಲ; ಗಂಗಾವತಿ ಸಂತೆಯಲ್ಲಿ ಉರ್ದು ಮಾತಿನವರು ‘ಖಬರ್’ ಎನ್ನುವಾಗಿನ ‘ಖ’ ಅದು.

ರಾತ್ರಿಗೆ ಜರ್ಮನ್‌ನಲ್ಲಿ ‘ನಖ್ಟ್’, ಮಗಳಿಗೆ ‘ಟೊಖ್ಟರ್’. ಇಂಗ್ಲಿಷಿನ ‘ನೈಟ್’, ‘ಡಾಟರ್’ ಪದಗಳ ನಡುವೆ ಸುಮ್ಮನೆ ಕುಳಿತಿರುವ ಜಿ ಎಚ್ ಒಂದು ಕಾಲದಲ್ಲಿ ಇದೇ ದನಿಯದು ಎಂದು ಶಿಕ್ಷಕಿ ಹೇಳಿದರು. 1476ರಲ್ಲಿ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚುಮೊಳೆ ತಂದ ಮೇಲೆ ಕಾಗುಣಿತ ನಿಧಾನವಾಗಿ ಗಟ್ಟಿಯಾಯಿತು, ನಾಲಿಗೆ ಮಾತ್ರ ನಿಲ್ಲಲಿಲ್ಲ.

ನಾನು ಅವರನ್ನು ಪಂಪಾ ಸರೋವರಕ್ಕೆ ಕರೆದುಕೊಂಡು ಹೋಗಿ, ಹೊಳೆಯಾಚೆಯ ಊರಿನ ಹೆಸರು ಇದರದೇ ಎಂದೆ. ಹಳಗನ್ನಡದ ‘ಪ’ ಮುಂದೆ ‘ಹ’ ಆಯಿತು: ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪಂಪೆ ಹಂಪೆಯಾಯಿತು. ನಾಲಿಗೆ ಹೊರಳಿದ ಮೇಲೆ ನಾವು ಬರಹವನ್ನೂ ಹೊರಳಿಸಿದೆವು. ಇಂಗ್ಲಿಷಿನವರು ಇಂದಿಗೂ ಪಂಪೆ ಎಂದು ಬರೆದು ಹಂಪೆ ಎಂದು ಓದುತ್ತಿದ್ದಾರೆ. ಶಿಕ್ಷಕಿ ನಕ್ಕು, ತಮ್ಮಲ್ಲೂ ‘ಪ’ ಹೀಗೆಯೇ ಜಾರಿದೆ ಎಂದರು. ಇಂಗ್ಲಿಷಿನ ‘ಶಿಪ್’ ಅವರಿಗೆ ‘ಶಿಫ್’. ‘ಟೆನ್’ ಎಂಬುದರ ‘ಟ’ ಕೂಡ ‘ತ್ಸ’ ಆಗಿ, ಹತ್ತಕ್ಕೆ ‘ತ್ಸೇನ್’.

ಚುಕ್ಕೆ ಹೊತ್ತ ಸ್ವರಗಳು ನನಗೆ ಇನ್ನೂ ಪೂರ್ತಿ ಒಲಿದಿಲ್ಲ. ಅವುಗಳಲ್ಲಿ ಒಂದಕ್ಕೆ ‘ಊ’ ಎನ್ನುವಂತೆ ತುಟಿ ಸುತ್ತಿ ‘ಈ’ ಎನ್ನಬೇಕಂತೆ. ಕನ್ನಡಿಯ ಮುಂದೆ ಬರುತ್ತದೆ, ಗಿರಾಕಿಯ ಮುಂದೆ ಬರುವುದಿಲ್ಲ. ಆ ಸ್ವರವಿರುವ ಜರ್ಮನ್ ‘ಐದು’ ಎನ್ನಲು ಹೋದರೆ ದೀಪ ಊದಿದಂತೆ ಆಗುತ್ತದೆ. ಶಿಕ್ಷಕಿಯ ‘ಬಾಳೆಹಣ್ಣು’ ಕೂಡ ಹೊರಡುವ ದಿನದವರೆಗೆ ‘ಬಾಲೆಹನ್ನು’ ಆಗಿಯೇ ಇತ್ತು. ಅಂದು ಬಸ್ಸಿಗೆ ಮೊದಲು ಗಾಡಿಯ ಮುಂದೆ ನಿಂತು, ನಾನು ಜರ್ಮನ್‌ನಲ್ಲಿ ಎಷ್ಟು ಬೇಕೆಂದು ಕೇಳಿದೆ, ಅವರು ಕನ್ನಡದಲ್ಲಿ ಕೇಳಲು ಹೊರಟರು. ಮಾರುವವಳು ಇಬ್ಬರ ಮುಖವನ್ನೂ ನೋಡಿದಳು. ಕೊನೆಗೆ ಇಬ್ಬರೂ ಐದು ಬೆರಳು ಎತ್ತಿದೆವು.