ರಾತ್ರಿ ಎರಡೂವರೆಯ ಫೋನು

ಜುಲೈ ತಿಂಗಳ ಮಳೆ. ಮಂಗಳೂರಿನ ಬಿಜೈಯ ಮನೆಯಲ್ಲಿ ಕರೆಂಟಿಲ್ಲ, ಇನ್ವರ್ಟರ್ ಕುಂಯ್‌ಗುಡುತ್ತಿತ್ತು. ರಾತ್ರಿ ಎರಡೂವರೆಗೆ ಫೋನು: ಕ್ಲೈಂಟಿನ ಬಿಲ್ಲಿಂಗ್ ಸರ್ವಿಸ್ ಬಿದ್ದಿದೆ. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಹಾಟ್‌ಸ್ಪಾಟ್ ಹಾಕಿ ಲಾಗ್ ನೋಡಿದೆ. ಡೇಟಾಬೇಸ್ ಕನೆಕ್ಷನ್ ಎಲ್ಲಾ ಬಳಕೆಯಾಗಿ ಮುಗಿದಿದ್ದವು. ಸಂಜೆ ಡಿಪ್ಲಾಯ್ ಮಾಡಿದ, ಅಂದರೆ ಚಾಲೂ ಮಾಡಿದ ಹೊಸ ಕೋಡಿನಲ್ಲಿ ಒಂದು ಕಡೆ ಕನೆಕ್ಷನ್ ತೆರೆದದ್ದನ್ನು ಮುಚ್ಚಿರಲಿಲ್ಲ, ಅಷ್ಟೆ. ರೋಲ್‌ಬ್ಯಾಕ್ ಮಾಡಲಿಕ್ಕೆ, ಅಂದರೆ ಹಳೆಯ ಕೋಡಿಗೆ ಮರಳಲಿಕ್ಕೆ, ಐದು ನಿಮಿಷ ಸಾಕಾಯಿತು.

ಬೆಳಿಗ್ಗೆ ಗೊತ್ತಾಯಿತು, ನಮ್ಮ ಟೀಮಿನ ಪುತ್ತೂರಿನ ಹುಡುಗ ರಾತ್ರಿ ಎಂಟಕ್ಕೇ ಕನೆಕ್ಷನ್ನುಗಳ ಗ್ರಾಫ್ ಏರುವುದನ್ನು ನೋಡಿದ್ದ.

"ಮತ್ತೆ ಎಂತಕ್ಕೆ ಸುಮ್ಮನೆ ಕೂತದ್ದು ಮಾರಾಯ?"

"ನೀವು ಕಾಲ್‌ನಲ್ಲಿ ಇದ್ರಿ ಸರ್. ನಿಮ್ಮನ್ನು ಕೇಳದೆ ಮಾಡುವುದು ಹೇಗೆ ಅಂತ..."

ಸಿಟ್ಟು ಬಂತು, ಆದರೆ ಅವನು ಹೇಳಿದ್ದು ನಿಜ. ಅಮೆರಿಕದವರ ಕಾಲ್ ಶುರುವಾಗುವುದೇ ಸಂಜೆ ಏಳೂವರೆಗೆ, ನ್ಯೂಯಾರ್ಕಿನಲ್ಲಿ ಆಗ ಬೇಸಿಗೆಯ ಬೆಳಿಗ್ಗೆ ಹತ್ತು. ಅದು ಮುಗಿಯುವವರೆಗೆ ಇಲ್ಲಿ ಎಲ್ಲ ನಿಂತಿರುತ್ತಿತ್ತು. ಹತ್ತು ಜನರಿದ್ದರೆ ಇಬ್ಬಿಬ್ಬರ ನಡುವೆ 45 ದಾರಿಗಳು. ನಾನು ಅಷ್ಟನ್ನೂ ನನ್ನ ಮೇಜಿನ ಮೇಲಿಂದಲೇ ಹಾಯಿಸಿದ್ದೆ.

ಧ್ಯಾನ ಮಾಡಿ ಅಂದರು, ಮಾಡಿದೆ. ತಣ್ಣೀರುಬಾವಿಯ ಕಡಲ ತೀರದಲ್ಲಿ ನಡೆದೆ. ಹಿತವಾಗಿತ್ತು, ಸಿಸ್ಟಮ್ ಕಳಿಸುವ ಎಚ್ಚರಿಕೆ, ಅಂದರೆ ಅಲರ್ಟ್ ಮಾತ್ರ ಕಮ್ಮಿಯಾಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು (ಕೆಲಸದ ಒತ್ತಡದಿಂದ ಸೋತು ಹೋಗುವುದನ್ನು) ಕಾಯಿಲೆಗಳ ಸಾಲಿಗೆ ಸೇರಿಸದೆ ಉದ್ಯೋಗಕ್ಕೆ ಸಂಬಂಧಿಸಿದ ಸಂಗತಿ ಎಂದು ಬರೆದದ್ದು ಓದಿದ ಮೇಲೆ, ಮದ್ದು ಆಫೀಸಿಗೇ ಹಾಕಬೇಕು ಅನ್ನಿಸಿತು.

ಒಂದು ವಾರದ ಅಲರ್ಟ್ ಎಲ್ಲ ಎಣಿಸಿದೆವು. 140ರಲ್ಲಿ ನಿದ್ದೆಯಿಂದ ಏಳಲೇಬೇಕಾದದ್ದು ಆರು. ಡಿಸ್ಕ್ ಶೇಕಡಾ 70 ತುಂಬಿದೆ ಎಂದು ನಡುರಾತ್ರಿ ಎಬ್ಬಿಸುವುದು ಯಾವ ನ್ಯಾಯ? ಅಂಥದ್ದನ್ನೆಲ್ಲ ಬೆಳಿಗ್ಗೆ ಒಂಬತ್ತಕ್ಕೆ ತಳ್ಳಿದೆವು. ಆನ್‌ಕಾಲ್ ಪಾಳಿ, ಅಂದರೆ ಅಲರ್ಟ್ ಬಂದರೆ ಎದ್ದು ನೋಡುವ ಸರದಿ, ವಾರಕ್ಕೊಬ್ಬರಿಗೆ. ನನಗೆ ಕಷ್ಟವಾದದ್ದು ಮೂರನೆಯದು: ಪಾಳಿಯಲ್ಲಿರುವವರು ಯಾರನ್ನೂ ಕೇಳದೆ ರೋಲ್‌ಬ್ಯಾಕ್ ಮಾಡಬಹುದು, ಮಾಡಿದ ಮೇಲೆ ನಾಲ್ಕು ಸಾಲು ಬರೆದಿಟ್ಟರೆ ಸಾಕು. ಕ್ಲೈಂಟಿಗೆ ಕೊಟ್ಟ ಮಾತು: ಸರ್ವಿಸ್ 99.9 ಶೇಕಡಾ ಹೊತ್ತು ನಡೆಯುತ್ತಿರಬೇಕು. ಅಂದರೆ 30 ದಿನದ ತಿಂಗಳಿಗೆ 43 ನಿಮಿಷ ನಿಂತರೂ ಮಾತು ತಪ್ಪಿದಂತಾಗುವುದಿಲ್ಲ. ಆ 43 ಅನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ. ಮುಂಚೆ ಒಂದು ನಿಮಿಷ ನಿಂತರೂ ನನ್ನ ಎದೆ ಬಡಿದುಕೊಳ್ಳುತ್ತಿತ್ತು.

ಸೆಪ್ಟೆಂಬರಿನಲ್ಲಿ ಅದೇ ಹುಡುಗ ತಪ್ಪು ವರ್ಶನ್ನಿಗೆ ರೋಲ್‌ಬ್ಯಾಕ್ ಮಾಡಿದ. 31 ನಿಮಿಷ ಹೋಯಿತು. ಹಳೆಯ ನಾನಾಗಿದ್ದರೆ ಅಧಿಕಾರ ಅಂದೇ ವಾಪಸು ತೆಗೆದುಕೊಳ್ಳುತ್ತಿದ್ದೆ, ಸುಳ್ಳು ಯಾಕೆ ಹೇಳಲಿ, ಆ ಸಂಜೆಯೂ ಬಾಯಿಯವರೆಗೆ ಬಂದಿತ್ತು. ಕ್ಲೈಂಟಿನ ಕಾಲ್ ನಾನು ತೆಗೆದುಕೊಂಡೆ, ಅವನ ಹೆಸರು ಎತ್ತಲಿಲ್ಲ.

ಮರುದಿನ ಅವನ ನಾಲ್ಕು ಸಾಲು ಬಂತು. ಕೊನೆಯ ಸಾಲು: "ವರ್ಶನ್ ಪಟ್ಟಿಯಲ್ಲಿ ತಾರೀಕು ಇಲ್ಲ, ಆದ್ದರಿಂದ ಗೊಂದಲ. ತಾರೀಕು ಸೇರಿಸಿದ್ದೇನೆ." ಎರಡು ವರ್ಷದಿಂದ ನಾನೂ ಅದೇ ಪಟ್ಟಿ ನೋಡುತ್ತಿದ್ದೆ.