ಸೆಖೆಗೆ ತಲೆ ತಿರುಗಿದ್ರೆ ಮೊದ್ಲು ಕೂತ್ಕೊಳ್ಳಿ, ಆಮೇಲೆ ನೀರು, ನೀರಿನ ಜೊತೆ ಉಪ್ಪು

ಮಾರ್ಚ್ ಶುರುವಾಯ್ತು ಅಂದ್ರೆ ನಮ್ಮ ಮಂಗಳೂರು ಉಡುಪಿ ಕಡೆ ಎಲ್ಲಿ ಹೋದ್ರೂ ಒಂದೇ ಮಾತು, ಎಂತ ಸೆಖೆ ಮಾರಾಯ್ರೆ ಅಂತ. ಅದ್ರ ಜೊತೆ ಇನ್ನೊಂದು ಮಾತೂ ಕೇಳ್ತದೆ, ಎದ್ದು ನಿಂತ ಕೂಡ್ಲೇ ಕಣ್ಣು ಕತ್ತಲೆ ಬಂತು, ಬವಳಿ ಬಂದ ಹಾಗಾಯ್ತು ಅಂತ, ಆದ್ರೆ ಅದನ್ನ ಯಾರೂ ದೊಡ್ಡ ವಿಷಯ ಮಾಡುದಿಲ್ಲ. ಗ್ಯಾಸ್ಟ್ರಿಕ್ ಇರ್ಬೇಕು ಅಂತ ಒಬ್ರು, ಬಿಪಿ ಇರ್ಬೇಕು ಅಂತ ಇನ್ನೊಬ್ರು, ಒಂದು ಸೋಡಾ ಶರಬತ್ತು ಕುಡಿದು ಪುನಃ ಕೆಲ್ಸಕ್ಕೆ. ಎಷ್ಟೋ ಸಲ ಇರುದು ಇಷ್ಟೇ, ಮೈಯಲ್ಲಿ ನೀರೂ ಉಪ್ಪೂ ಕಮ್ಮಿ ಆಗಿರ್ತದೆ. ಆದ್ರೆ ಇಷ್ಟೇ ಅಂತ ಬಿಟ್ಟು ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರ್ಕೊಂಡ ವಯಸ್ಸಾದವ್ರು ಬೇಕಾದಷ್ಟು ಜನ ಇದ್ದಾರೆ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೀತಿದ್ದೇನೆ.

ಮೊದ್ಲು ಯಾಕೆ ಹೀಗಾಗ್ತದೆ ಅಂತ ನೋಡುವ. ನಾವು ಎದ್ದು ನಿಂತಾಗ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಕಾಲು ಹೊಟ್ಟೆ ಕಡೆಗೆ ಇಳೀತದೆ, ಮಾಮೂಲಿ ದಿನ ಆದ್ರೆ ರಕ್ತನಾಳ ಬಿಗಿಯಾಗಿ, ಹಾರ್ಟ್ ಸ್ವಲ್ಪ ಜೋರು ಬಡ್ಕೊಂಡು ಅದನ್ನ ಸರಿ ಮಾಡ್ತದೆ, ನಮ್ಗೆ ಗೊತ್ತೇ ಆಗುದಿಲ್ಲ. ಬೆವರಿ ಬೆವರಿ, ಅಥವಾ ವಾಂತಿ ಭೇದಿ ಆಗಿ ನೀರು ಹೋಗಿದ್ರೆ ರಕ್ತದ ಪ್ರಮಾಣವೇ ಇಳಿದಿರ್ತದೆ, ಆಗ ಎಷ್ಟು ಬಡ್ಕೊಂಡ್ರೂ ತಲೆಗೆ ಬೇಕಾದಷ್ಟು ರಕ್ತ ಆ ಕ್ಷಣಕ್ಕೆ ಮುಟ್ಟುದಿಲ್ಲ. ಅದೇ ಕಣ್ಣು ಕತ್ತಲೆ.

ನಮ್ಮ ಕರಾವಳಿಯ ಸಮಸ್ಯೆ ಎಂತ ಅಂದ್ರೆ ಬಳ್ಳಾರಿ ಕಲ್ಬುರ್ಗಿಯವ್ರ ಹಾಗೆ 40 ಡಿಗ್ರಿ ಬಿಸಿಲು ನಮ್ಗೆ ಇಲ್ಲ, 33-34 ಅಷ್ಟೇ ತೋರಿಸ್ತದೆ, ಹಾಗಾಗಿ ಜನ ಕೇರ್ ಮಾಡುದಿಲ್ಲ. ಆದ್ರೆ ಸಮುದ್ರದ ಗಾಳಿಯಲ್ಲಿ ತೇವ ಎಷ್ಟುಂಟು ಅಂದ್ರೆ ಬೆವರು ಆರುದೇ ಇಲ್ಲ, ಸುರಿದು ಹೋಗ್ತದೆ. ಬೆವರು ಆರಿದ್ರೆ ಮಾತ್ರ ಮೈ ತಂಪಾಗುದು, ಸುರಿದು ಹೋದದ್ದು ಬರೀ ನಷ್ಟ, ನೀರೂ ಹೋಯ್ತು ಉಪ್ಪೂ ಹೋಯ್ತು ತಂಪೂ ಆಗ್ಲಿಲ್ಲ. ಮಲ್ಪೆ ಬಂದರಲ್ಲಿ ಮೀನಿನ ಬುಟ್ಟಿ ಹೊರುವವ್ರು, ಕೆಂಪುಕಲ್ಲಿನ ಕೋರೆಯಲ್ಲಿ ಕೆಲ್ಸ ಮಾಡುವವ್ರು, ಮಳೆಗಾಲದ ಮುಂಚೆ ಮಾಡು ಹತ್ತಿ ಹಂಚು ಸರಿ ಮಾಡುವವ್ರು, ಇಂಥ ಕೆಲ್ಸದಲ್ಲಿ ಗಂಟೆಗೆ ಒಂದು ಲೀಟರ್ ಬೆವರು ಹೋದ್ರೂ ಆಶ್ಚರ್ಯ ಇಲ್ಲ. ಬಿಸಿಲೇ ಬೇಕು ಅಂತಾನೂ ಇಲ್ಲ, ರಾತ್ರಿಯಿಡೀ ಭಾರದ ವೇಷ ಕಟ್ಕೊಂಡು ಕುಣಿಯುವ ಯಕ್ಷಗಾನದವ್ರ ಬೆವರು ನೋಡಿದ್ರೆ ಗೊತ್ತಾಗ್ತದೆ.

ಸರಿ, ತಲೆ ತಿರುಗ್ತಾ ಉಂಟು, ಈಗ ಎಂತ ಮಾಡುದು?

ನಿಂತಲ್ಲೇ ಕೂತ್ಕೊಳ್ಳಿ. ಅಡುಗೆಮನೆವರೆಗೆ ಹೋಗಿ ನೀರು ಕುಡಿದು ಬರ್ತೇನೆ ಅಂತ ಹೋಗ್ಬೇಡಿ, ಬೀಳುದು ಆ ನಾಲ್ಕು ಹೆಜ್ಜೆಯಲ್ಲೇ. ನೆಲ ಆದ್ರೂ ಅಡ್ಡಿಯಿಲ್ಲ, ಮೆಟ್ಟಿಲಾದ್ರೂ ಅಡ್ಡಿಯಿಲ್ಲ, ಆದ್ರೆ ಮಲಗ್ಲಿಕ್ಕೆ ಆಗ್ತದೆ ಅಂದ್ರೆ ಮಲಗಿ, ಕಾಲಿನ ಅಡಿಗೆ ದಿಂಬೋ ಬ್ಯಾಗೋ ಇಟ್ಟು ಒಂದು ಅಡಿಯಷ್ಟು ಎತ್ತರ ಮಾಡಿ. ಸ್ಕೂಟರಲ್ಲಿ ಇದ್ರೆ ಇನ್ನು ಎರಡೇ ಕಿಲೋಮೀಟರ್ ಅಂತ ಎಳೀಬೇಡಿ, ಸೈಡಿಗೆ ಹಾಕಿ, ಹೆಲ್ಮೆಟ್ ತೆಗೀರಿ, ನೆರಳಿಗೆ ಬನ್ನಿ. ಬಟ್ಟೆ ಸಡಿಲ ಮಾಡಿ, ಕುತ್ತಿಗೆಗೆ ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು ಫ್ಯಾನಿನ ಅಡಿಗೆ ಬನ್ನಿ. ಐದು ಹತ್ತು ನಿಮಿಷ ಕಳೆದ ಮೇಲೆ ಏಳುವಾಗ್ಲೂ ಒಂದೇ ಸಲ ಏಳ್ಬೇಡಿ, ಮೊದ್ಲು ಎದ್ದು ಕೂತು, ಕಾಲು ಆಡಿಸಿ, ಆಮೇಲೆ ಎಂತಾದ್ರೂ ಹಿಡ್ಕೊಂಡು ನಿಲ್ಲಿ.

ಯಾರಾದ್ರೂ ಪ್ರಜ್ಞೆ ತಪ್ಪಿ ಬಿದ್ರೆ ಸುತ್ತ ಗುಂಪು ಕಟ್ಟುದು, ಬಾಯಿಗೆ ನೀರು ಹೊಯ್ಯುದು, ಕೈಗೆ ಕಬ್ಬಿಣ ಕೊಡುದು, ಎತ್ತಿ ಕೂರಿಸುದು, ಇದೆಲ್ಲ ದಯವಿಟ್ಟು ಬೇಡ. ಪ್ರಜ್ಞೆ ಇಲ್ಲದವ್ರ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಹೋಗ್ಬಹುದು. ಮಲಗಿಸಿ ಕಾಲು ಎತ್ತಿ ಹಿಡೀರಿ ಸಾಕು, ವಾಂತಿ ಬರುವ ಹಾಗಿದ್ರೆ ಪಕ್ಕಕ್ಕೆ ತಿರುಗಿಸಿ. ಸುಮ್ನೆ ತಲೆ ತಿರುಗಿ ಬಿದ್ದವ್ರು ಸಾಮಾನ್ಯ ಒಂದು ನಿಮಿಷದ ಒಳಗೆ ಕಣ್ಣು ಬಿಡ್ತಾರೆ, ಬಿಡ್ಲಿಲ್ಲ ಅಂದ್ರೆ 108.

ಈಗ ಕುಡಿಯುವ ವಿಷಯ, ಇಲ್ಲೇ ಜಾಸ್ತಿ ಜನ ತಪ್ಪು ತಿಳ್ಕೊಂಡಿರುದು. ಉಪ್ಪು ಹೋಗಿರುವಾಗ ಬರೀ ನೀರನ್ನೇ ಗಟಗಟ ಲೀಟರುಗಟ್ಟಲೆ ಕುಡಿದ್ರೆ ಒಳಗೆ ಉಳಿದ ಉಪ್ಪೂ ತೆಳುವಾಗ್ತದೆ, ಅದು ವಿಪರೀತ ಆದ್ರೆ ತಲೆನೋವು, ವಾಂತಿ, ಗೊಂದಲದವರೆಗೂ ಹೋಗ್ಬಹುದು. ತುಂಬಾ ಬೆವರಿದ್ರೆ, ಭೇದಿ ಆಗಿದ್ರೆ, ನೀರಿಗೆ ಕಲಸಿ ಕುಡಿಯುವ ಸಕ್ಕರೆ-ಉಪ್ಪಿನ ಪುಡಿ ಓಆರ್‌ಎಸ್ಸೇ ಒಳ್ಳೇದು. ಅದ್ರಲ್ಲಿರುವ ಸಕ್ಕರೆ ರುಚಿಗೆ ಹಾಕಿದ್ದಲ್ಲ, ಕರುಳು ಗ್ಲುಕೋಸನ್ನೂ ಸೋಡಿಯಂಅನ್ನೂ ಒಟ್ಟಿಗೇ ಒಳಗೆ ಎಳೀತದೆ, ಅದ್ರ ಹಿಂದೆ ನೀರು ಹೋಗ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಕ್ಯಾಂಪಲ್ಲಿ ಕಾಲರಾ ಬಂದು ಡ್ರಿಪ್ ಖಾಲಿ ಆದಾಗ ಡಾಕ್ಟರ್ ದಿಲೀಪ್ ಮಹಲನಬೀಸ್ ಇದನ್ನೇ ಕಲಸಿ ಕುಡಿಸಿ ಸಾವಿನ ಸಂಖ್ಯೆ ಇಳಿಸಿದ್ದು, ಇಷ್ಟು ಅಗ್ಗದ ಮದ್ದು ಮನೆಯಲ್ಲಿ ಇಟ್ಕೊಳ್ಳದೆ ಇರ್ಬಾರ್ದು ಅಂತ ನಂಗೆ ಅನಿಸುದು.

ದೊಡ್ಡ ಪ್ಯಾಕೆಟನ್ನ ಪೂರ್ತಿ ಒಂದು ಲೀಟರ್ ಕುಡಿಯುವ ನೀರಿಗೆ ಹಾಕ್ಬೇಕು, ಅರ್ಧ ಪ್ಯಾಕೆಟ್ ಒಂದು ಲೋಟಕ್ಕೆ ಅಂತ ಅಂದಾಜಲ್ಲಿ ಮಾಡ್ಬೇಡಿ, ದಪ್ಪ ಆದ್ರೆ ಭೇದಿ ಜಾಸ್ತಿಯಾಗ್ತದೆ. 200 ಎಂ.ಎಲ್. ನೀರಿಗೆ ಹಾಕುವ ಸಣ್ಣ ಪ್ಯಾಕೆಟ್ಟೂ ಬರ್ತದೆ, ಮೇಲೆ ಬರೆದದ್ದು ಓದಿ. ಕಲಸಿದ್ದನ್ನ ಕುದಿಸ್ಬಾರ್ದು, 24 ಗಂಟೆ ಆದ್ರೆ ಚೆಲ್ಲಿ. ಮೆಡಿಕಲಲ್ಲಿ ಕೇಳುವಾಗ ಡಬ್ಲ್ಯುಎಚ್‌ಒ ಫಾರ್ಮುಲಾದ್ದು ಕೊಡಿ ಅಂತ ಹೇಳಿ, ಯಾಕಂದ್ರೆ ಜ್ಯೂಸಿನ ಹಾಗಿರುವ ಸಕ್ಕರೆ ಪಾನಕದ ಟೆಟ್ರಾ ಪ್ಯಾಕುಗಳೂ ಓಆರ್‌ಎಸ್ ಹೆಸರು ಹಾಕ್ಕೊಂಡೇ ಮಾರಾಟ ಆಗ್ತಿದ್ವು, 2025ರ ಅಕ್ಟೋಬರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆ ಹೆಸರು ಹಾಕ್ಬಾರ್ದು ಅಂತ ಆರ್ಡರ್ ಮಾಡಿತು. ಪ್ಯಾಕೆಟ್ ಇಲ್ವಾ, ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟ ಮಾಡಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಬಾಯಿಗೆ ಹಾಕಿ ನೋಡಿದ್ರೆ ಕಣ್ಣೀರಿಗಿಂತ ಉಪ್ಪಾಗಿರ್ಬಾರ್ದು. ಒಂದೇ ಗುಟುಕಿಗೆ ಅಲ್ಲ, ಅರ್ಧ ಗಂಟೆಯಲ್ಲಿ ಒಂದು ಲೋಟ ಹಾಗೆ ನಿಧಾನ. ವಾಂತಿ ಆದ್ರೆ ಹತ್ತು ನಿಮಿಷ ಬಿಟ್ಟು ಪುನಃ ಚಮಚದಲ್ಲಿ ಒಂದೊಂದು ನಿಮಿಷಕ್ಕೆ ಒಂದೊಂದು.

ಭೇದಿ ಗೀದಿ ಎಂತದ್ದೂ ಇಲ್ಲ, ಬರೀ ಸೆಖೆ ಅಂದ್ರೆ ನಮ್ಮ ಮನೆಯಲ್ಲಿ ಇರುದೇ ಸಾಕು. ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ ಕುಡಿಯುದು ಉಂಟಲ್ಲ, ಅದಕ್ಕಿಂತ ಒಳ್ಳೇದು ನಂಗೆ ಗೊತ್ತಿಲ್ಲ, ಅಕ್ಕಿಯ ಪಿಷ್ಟ ಒಳಗೆ ಹೋಗಿ ಗ್ಲುಕೋಸೇ ಆಗುದು, ಉಪ್ಪು ಹೇಗೂ ಉಂಟು, ನೀರೂ ಉಂಟು, ಜೊತೆಗೆ ಒಂದು ಮಾವಿನ ಮಿಡಿ. ಮಧ್ಯಾಹ್ನ ಗಂಜಿ ಊಟ ಮಾಡಿ ಗದ್ದೆಗೆ ಹೋಗ್ತಿದ್ದ ಹಿರಿಯರ ಲೆಕ್ಕ ಸರಿಯೇ ಇತ್ತು. ಉಪ್ಪು ಹಾಕಿದ ನೀರು ಮಜ್ಜಿಗೆ, ಪುನರ್ಪುಳಿ (ಕೋಕಂ) ಶರಬತ್ತಿಗೆ ಚಿಟಿಕೆ ಉಪ್ಪು, ಬಚ್ಚಂಗಾಯಿ (ಕಲ್ಲಂಗಡಿ), ಎಲ್ಲ ಆಗ್ತದೆ. ಬೊಂಡ (ಎಳನೀರು) ಒಳ್ಳೇದೇ, ಆದ್ರೆ ಅದ್ರಲ್ಲಿ ಪೊಟ್ಯಾಶಿಯಂ ಜಾಸ್ತಿ ಸೋಡಿಯಂ ಕಮ್ಮಿ, ಹಾಗಾಗಿ ಜೋರು ಬೆವರಿದ್ದಕ್ಕೆ ಬೊಂಡ ಒಂದೇ ಸಾಲುದಿಲ್ಲ, ಕಿಡ್ನಿ ಸಮಸ್ಯೆ ಇರುವವ್ರಂತೂ ಡಾಕ್ಟರನ್ನ ಕೇಳದೆ ಕುಡಿಯುದೇ ಬೇಡ. ಚಾ ಕಾಫಿ ಕುಡಿದ್ರೆ ನೀರು ಕಮ್ಮಿ ಆಗ್ತದೆ ಅಂತ ಹೆದರುದು ಬೇಡ, ಒಂದೆರಡು ಲೋಟಕ್ಕೆ ಹಾಗೇನೂ ಆಗುದಿಲ್ಲ. ಮದುವೆ ಮೆಹಂದಿಯಲ್ಲಿ ಬಿಯರ್ ಕುಡಿದು ಡ್ಯಾನ್ಸ್ ಮಾಡುದು ಮಾತ್ರ ಎರಡು ಕಡೆಯಿಂದಲೂ ನೀರು ಖಾಲಿ ಮಾಡ್ತದೆ.

ನೀರು ಕಮ್ಮಿ ಆಗಿದ್ಯಾ ಅಂತ ನೋಡ್ಲಿಕ್ಕೆ ಮೂತ್ರದ ಬಣ್ಣ ನೋಡಿ, ತೆಳು ಹಳದಿ ಆದ್ರೆ ತೊಂದ್ರೆ ಇಲ್ಲ, ಗಾಢ ಆಗಿ ಕಮ್ಮಿ ಹೋಗ್ತಾ ಉಂಟು ಅಂದ್ರೆ ಕುಡಿಯುದು ಸಾಲ್ಲಿಲ್ಲ (ವಿಟಮಿನ್ ಮಾತ್ರೆ ತಗೊಳ್ಳುವವ್ರಿಗೆ ಬಣ್ಣ ಹೇಗೂ ಹಳದಿ). ಮನೆಯಲ್ಲಿ ಬಿಪಿ ಮಷಿನ್ ಇದ್ರೆ ಐದು ನಿಮಿಷ ಮಲಗಿ ಒಮ್ಮೆ ನೋಡಿ, ನಿಂತು ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಪುನಃ ನೋಡಿ, ಪಕ್ಕದಲ್ಲಿ ಒಬ್ರು ಇರ್ಬೇಕು. ಮೇಲಿನ ನಂಬ್ರ 20 ಅಥವಾ ಕೆಳಗಿನದ್ದು 10 ಇಳಿದ್ರೆ, ಇಲ್ಲಾ ಪಲ್ಸ್ 30ರಷ್ಟು ಏರಿದ್ರೆ ಬರ್ಕೊಂಡು ಡಾಕ್ಟರಿಗೆ ತೋರಿಸಿ, ಬರೀ ಕೂತು ನೋಡಿದ ಬಿಪಿಯಲ್ಲಿ ಇದು ಗೊತ್ತೇ ಆಗುದಿಲ್ಲ.

ನಂಗೆ ಜಾಸ್ತಿ ಚಿಂತೆ ಇಬ್ರದ್ದು. ಒಂದು ಮನೆಯ ಅಜ್ಜ ಅಜ್ಜಿಯರದ್ದು, ವಯಸ್ಸಾದ ಹಾಗೆ ಬಾಯಾರಿಕೆಯೇ ಕಮ್ಮಿ ಆಗ್ತದೆ, ಮೇಲಿಂದ ರಾತ್ರಿ ಏಳ್ಬೇಕಾಗ್ತದೆ ಅಂತ ಸಂಜೆಯಿಂದಲೇ ಕುಡಿಯುದು ನಿಲ್ಲಿಸಿರ್ತಾರೆ. ಮೇ ತಿಂಗಳಲ್ಲೂ ಹಂಡೆಯ ಬಿಸಿ ಬಿಸಿ ನೀರೇ ಮೀಯ್ಲಿಕ್ಕೆ ಬೇಕು. ಬಿಸಿ ನೀರಿಗೆ ರಕ್ತನಾಳ ಅಗಲ ಆಗ್ತದೆ, ಮೊದ್ಲೇ ನೀರು ಕಮ್ಮಿ, ಮಿಂದು ಎದ್ದು ನಿಂತ್ರು ಅಂದ್ರೆ ಅಲ್ಲೇ ಬವಳಿ. ಉಗುರುಬೆಚ್ಚಗೆ ಮಾಡಿ ಕೊಡಿ, ಒಂದು ಸ್ಟೂಲ್ ಇಡಿ, ಬಾಗಿಲಿಗೆ ಚಿಲಕ ಹಾಕ್ಬೇಡಿ ಅಂತ ಹೇಳಿ. ಕುಡಿಯಿರಿ ಅಂತ ಬಾಯಲ್ಲಿ ಹೇಳಿದ್ರೆ ಆಗುದಿಲ್ಲ, ಲೋಟ ತುಂಬಿಸಿ ಕೈಗೇ ಕೊಡ್ಬೇಕು. ಇನ್ನೊಂದು, ಬಟ್ಟೆ ಅಂಗಡಿಯಲ್ಲಿ ಇಡೀ ದಿನ ನಿಲ್ಲುವ, ಬಸ್ಸಲ್ಲಿ ದೂರ ಹೋಗುವ ಹೆಂಗಸರು, ಸರಿಯಾದ ಟಾಯ್ಲೆಟ್ ಇಲ್ಲ ಅಂತ ಬೆಳಿಗ್ಗೆಯಿಂದ ನೀರೇ ಕುಡಿಯುದಿಲ್ಲ. ಅಂಗಡಿ ಇಟ್ಟವ್ರು ಒಂದು ಕ್ಲೀನ್ ಟಾಯ್ಲೆಟ್, ಕೂರ್ಲಿಕ್ಕೆ ಒಂದು ಸ್ಟೂಲ್ ಕೊಡ್ಲೇಬೇಕು. ನಿಂತೇ ಇರ್ಬೇಕಾದ್ರೆ ಹಿಮ್ಮಡಿ ಎತ್ತಿ ಇಳಿಸ್ತಾ ಇರಿ, ಮೀನಖಂಡ ರಕ್ತವನ್ನ ಮೇಲಕ್ಕೆ ಒತ್ತಿ ಕೊಡ್ತದೆ.

ಬಿಪಿಗೆ ನೀರಿನ ಮಾತ್ರೆ, ಶುಗರಿನ ಕೆಲವು ಮಾತ್ರೆಗಳು ಮೂತ್ರ ಜಾಸ್ತಿ ಮಾಡಿಸ್ತವೆ. ತಲೆ ತಿರುಗ್ತದೆ ಅಂತ ನೀವೇ ನಿಲ್ಲಿಸ್ಬೇಡಿ, ವಾಂತಿ ಭೇದಿ ಶುರುವಾದ ದಿನವೇ ಡಾಕ್ಟರಿಗೆ ಫೋನ್ ಮಾಡಿ. ಹಾರ್ಟ್, ಕಿಡ್ನಿ, ಬಿಪಿ ಇರುವವ್ರು ಉಪ್ಪು ಜಾಸ್ತಿ ಮಾಡುದೂ ಹಾಗೇ, ಕೇಳಿಯೇ.

ಎಲ್ಲ ತಲೆ ತಿರುಗುದೂ ನೀರಿನದ್ದಲ್ಲ. ಮಲಗಿ ಮಗ್ಗುಲು ಬದಲಿಸಿದಾಗ ಕೋಣೆಯೇ ಸುತ್ತಿದ್ರೆ ಅದು ಕಿವಿಯ ಒಳಗಿನದ್ದು ಇರ್ಬಹುದು, ಶುಗರ್ ಇರುವವ್ರು ಕೈ ನಡುಗಿ ಬೆವರಿದ್ರೆ ಮೊದ್ಲು ಶುಗರ್ ನೋಡಿ. ಮಾತು ತೊದಲುದು, ಒಂದು ಕೈ ಕಾಲು ಸೋಲುದು, ಎದೆನೋವು, ಮಲದಲ್ಲಿ ರಕ್ತ ಅಥವಾ ಕಪ್ಪು ಮಲ, ಕುಡಿದದ್ದು ಎಂತದ್ದೂ ನಿಲ್ಲದಿರುದು, ಎಂಟು ಗಂಟೆ ಆದ್ರೂ ಮೂತ್ರ ಹೋಗದಿರುದು, ಇದ್ಯಾವುದಕ್ಕೂ ಮನೆಮದ್ದು ಬೇಡ, ಮಂಗಳೂರಿನ ವೆನ್ಲಾಕೋ ಉಡುಪಿಯ ಅಜ್ಜರಕಾಡೋ, ಹತ್ತಿರದ ಆಸ್ಪತ್ರೆ ಯಾವುದೋ ಅಲ್ಲಿಗೆ. ಮೈ ಕಾದು, ಮಾತು ಅಡ್ಡಾದಿಡ್ಡಿ ಆದ್ರೆ ಅದು ಹೀಟ್ ಸ್ಟ್ರೋಕ್, ಬೆವರು ನಿಂತಿರ್ಬೇಕು ಅಂತ ಇಲ್ಲ, ಆಂಬುಲೆನ್ಸ್ ಬರುವವರೆಗೆ ಬಾವಿ ನೀರು ಮೈಮೇಲೆ ಹೊಯ್ತಾ ಗಾಳಿ ಹಾಕ್ತಾ ಇರಿ, ಹೋಗುವಾಗ ಅವ್ರು ತಗೊಳ್ಳುವ ಮಾತ್ರೆಗಳ ಸ್ಟ್ರಿಪ್ಪನ್ನೂ ಕೈಯಲ್ಲಿ ಹಿಡ್ಕೊಳ್ಳಿ, ಡಾಕ್ಟರ್ ಮೊದ್ಲು ಕೇಳುದೇ ಅದನ್ನ.